ಚೈನ್ ಹಾರುತ್ತಿದೆಯೇ? ಸ್ಕ್ರೂ ಮುಟ್ಟುವ ಮೊದಲು ಸುತ್ತು ಎಣಿಸಿ

ನನ್ನ ಸೈಕಲ್ಲಿಗೆ 21 ಗೇರು. ಮುಂದೆ ಮೂರು ಹಲ್ಲುಚಕ್ರ, 48, 38 ಮತ್ತು 28 ಹಲ್ಲಿನವು. ಹಿಂದೆ ಏಳು. ಚಿಕ್ಕದಕ್ಕೆ 14 ಹಲ್ಲು, ದೊಡ್ಡದಕ್ಕೆ 28. ಉಕ್ಕಿನ ಫ್ರೇಮು, ಬಣ್ಣ ಅಲ್ಲಲ್ಲಿ ಎದ್ದಿದೆ. ನನ್ನ ಕೈಗೆ ಬರುವ ಮೊದಲು ಅದು ನಾಲ್ಕು ವರ್ಷ ಸುಮ್ನೆ ಗೋಡೆಗೊರಗಿ ನಿಂತಿತ್ತು. ಓಡಿಸಲು ಶುರುಮಾಡಿದ ಮೊದಲ ವಾರವೇ ತೊಂದರೆ ಕಾಣಿಸಿಕೊಂಡಿತು. ಮೂರನೇ ಗೇರಿಗೆ ಹಾಕಿದರೆ ಚೈನ್ ಎರಡು ಮೂರರ ನಡುವೆ ಕರಕರ ಅನ್ನುತ್ತಿತ್ತು. ಏರಿನಲ್ಲಿ ಪೆಡಲ್ ಮೇಲೆ ಭಾರ ಬಿಟ್ಟರೆ 'ಟಕ್' ಅಂತ ಜಾರುತ್ತಿತ್ತು.

ನಾನು ಮಾಡಿದ ಮೊದಲ ಕೆಲಸ ಸ್ಕ್ರೂಡ್ರೈವರ್ ಹಿಡಿದದ್ದು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್‌ನಲ್ಲಿ ಎರಡು ಪುಟ್ಟ ಸ್ಕ್ರೂ ಎದ್ದು ಕಾಣುತ್ತವೆ, ಅಲ್ವಾ? ಎರಡು ಸಂಜೆ ಅವನ್ನೇ ತಿರುಗಿಸಿದೆ. ಒಂದು ಗೇರ್ ಸರಿಯಾದರೆ ಇನ್ನೊಂದು ಕೆಡುತ್ತಿತ್ತು. ತಪ್ಪು ಇದ್ದದ್ದು ಬೇರೆ ಕಡೆ. ಡಿರೇಲರ್‌ಗೆ ಸೇರುವ ಕೇಬಲ್‌ನ ಔಟರ್, ಅಂದರೆ ಒಳಗಿನ ವೈರ್ ಹಾದುಹೋಗುವ ಹೊರಕೊಳವೆ, ಅದರ ಕೊನೆಯ ಒಂದು ಗೇಣು ಉದ್ದದ ತುಂಡು ಒಳಗೆಲ್ಲ ತುಕ್ಕು ಹಿಡಿದಿತ್ತು. ಅದನ್ನು ಬದಲಿಸಿದ ಮೇಲೆ, ನಾನೇ ಕೆಡಿಸಿದ್ದ ಸ್ಕ್ರೂಗಳನ್ನು ಮೊದಲಿನ ಜಾಗಕ್ಕೆ ತರಲು ಇನ್ನೊಂದು ಸಂಜೆ ಹೋಯಿತು.

ಆಮೇಲೆ ನಾನೊಂದು ಕ್ರಮ ಇಟ್ಟುಕೊಂಡೆ. ಆ ಸ್ಕ್ರೂಗಳು ಸಾಮಾನ್ಯವಾಗಿ ತಾವಾಗಿಯೇ ತಿರುಗುವುದಿಲ್ಲ. ಹೋದ ತಿಂಗಳು ಗೇರ್ ಚೆನ್ನಾಗಿ ಬೀಳುತ್ತಿತ್ತು, ಈ ತಿಂಗಳು ಬೀಳುತ್ತಿಲ್ಲ ಅಂದರೆ ಬೇರೆ ಏನೋ ಬದಲಾಗಿದೆ. ಕೊಳೆ ಕಟ್ಟಿದೆ, ಕೇಬಲ್ ಹಿಡಿಯುತ್ತಿದೆ, ಏನೋ ಬಾಗಿದೆ, ಇಲ್ಲವೇ ಸವೆದಿದೆ. ಅದು ಸಿಗುವ ತನಕ ಸ್ಕ್ರೂಡ್ರೈವರ್ ದೂರ ಇರಲಿ.

ಯಾವಾಗ ಹಾರುತ್ತದೆ?

ಚೈನ್ ಹಾರುತ್ತಿದ್ದರೆ ಪೆಡಲ್ ಸುತ್ತು ಎಣಿಸಿ. ಇದಕ್ಕೆ ಯಾವ ಪಾನಾವೂ ಬೇಡ. ವಾಹನ ಇಲ್ಲದ ಸಮತಟ್ಟು ಜಾಗದಲ್ಲಿ ನಿಧಾನ ತುಳಿಯುತ್ತಾ, ಎಷ್ಟು ಸುತ್ತಿಗೊಮ್ಮೆ 'ಟಕ್' ಅನ್ನುತ್ತದೆ ನೋಡಿ.

ಪ್ರತಿ ಸುತ್ತಿಗೂ ಒಮ್ಮೆ, ಅದೇ ಜಾಗದಲ್ಲಿ ಆದರೆ ತೊಂದರೆ ಪೆಡಲ್ ಜೊತೆ ತಿರುಗುವ ವಸ್ತುವಿನಲ್ಲಿದೆ. ಮುಂದಿನ ಹಲ್ಲುಚಕ್ರದ ಒಂದು ಹಲ್ಲು ಬಾಗಿರಬಹುದು. ಹಲ್ಲುಚಕ್ರವೇ ಸ್ವಲ್ಪ ಸೊಟ್ಟಗಾಗಿರಬಹುದು. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್, ಸಡಿಲವಾಗಿದ್ದರೂ ಹೀಗೇ ಆಗುತ್ತದೆ. ಸೈಕಲ್ ನಿಲ್ಲಿಸಿ, ಎರಡು ಕ್ರ್ಯಾಂಕ್ ತುದಿಗಳನ್ನೂ ಹಿಡಿದು ಫ್ರೇಮಿನ ಕಡೆಗೆ ಮತ್ತು ಹೊರಗೆ ಅಲ್ಲಾಡಿಸಿ ನೋಡಿ. ಕುಲುಕಿದರೆ ಅದನ್ನು ಮೊದಲು ಬಿಗಿ ಮಾಡಿ. ಸಡಿಲ ಕ್ರ್ಯಾಂಕ್‌ನಲ್ಲಿ ತುಳಿಯುತ್ತಾ ಹೋದರೆ ಅದರ ಚೌಕದ ತೂತು ಹಾಳಾಗುತ್ತದೆ, ಮತ್ತೆ ಯಾವತ್ತೂ ಸರಿಯಾಗಿ ಕೂರುವುದಿಲ್ಲ.

ಎರಡೂವರೆ, ಮೂರು, ನಾಲ್ಕು ಸುತ್ತಿಗೊಮ್ಮೆ ತಪ್ಪದೇ ಬಂದರೆ ಚೈನ್‌ನಲ್ಲಿಯೇ ಒಂದು ಕೊಂಡಿ ಗಟ್ಟಿಯಾಗಿದೆ. ನನ್ನ ಚೈನ್‌ಗೆ 112 ಕೊಂಡಿ. ಮುಂದೆ 28 ಹಲ್ಲಿನ ಚಕ್ರದಲ್ಲಿದ್ದರೆ ಒಂದು ಸುತ್ತಿಗೆ 28 ಕೊಂಡಿ ಮುಂದೆ ಹೋಗುತ್ತದೆ. ಅಂದರೆ ಅದೇ ಕೊಂಡಿ ಸರಿಯಾಗಿ 4 ಸುತ್ತಿಗೊಮ್ಮೆ ಮತ್ತೆ ಬರುತ್ತದೆ. 48 ಹಲ್ಲಿನ ಚಕ್ರದಲ್ಲಿದ್ದರೆ ಸುಮಾರು 2.3 ಸುತ್ತಿಗೆ ಬರುತ್ತದೆ. ನಿಮ್ಮ ಸೈಕಲ್ಲಿನ ಕೊಂಡಿ ಮತ್ತು ಹಲ್ಲು ಎಣಿಸಿ ಭಾಗಿಸಿದರೆ ನಿಮ್ಮ ಲೆಕ್ಕ ಸಿಗುತ್ತದೆ.

ಎಣಿಕೆಗೇ ಸಿಗದೆ, ಜೋರಾಗಿ ತುಳಿದಾಗ ಮಾತ್ರ ಜಾರುತ್ತಿದ್ದರೆ ಬಹುತೇಕ ಸವೆತ. ಅದರಲ್ಲೂ ಒಂದೆರಡು ಗೇರಿನಲ್ಲಿ ಮಾತ್ರ ಜಾರಿ ಉಳಿದವು ಚೆನ್ನಾಗಿದ್ದರೆ, ಹಿಂದಿನ ಆ ಹಲ್ಲುಚಕ್ರಗಳೇ ಸವೆದಿವೆ. ನೀವು ಜಾಸ್ತಿ ಬಳಸುವ ಗೇರ್ ಅದೇ ಆಗಿರುತ್ತದೆ.

ಇನ್ನು ಗೇರ್ ಬದಲಿಸುವ ತೊಂದರೆಯಾದರೆ, ಯಾವ ಕಡೆಗೆ ಹೋಗಲು ಹಟ ಮಾಡುತ್ತದೆ ನೋಡಿ. ಶಿಫ್ಟರ್, ಅಂದರೆ ಗೇರ್ ಬದಲಿಸುವ ಲಿವರ್, ಕೇಬಲನ್ನು ಎಳೆದಾಗ ಚೈನ್ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಏರುತ್ತದೆ. ಕೇಬಲ್ ಬಿಟ್ಟಾಗ ಡಿರೇಲರ್‌ನ ಸ್ಪ್ರಿಂಗ್ ಅದನ್ನು ಚಿಕ್ಕ ಚಕ್ರಕ್ಕೆ ಇಳಿಸುತ್ತದೆ. ಏರಲು ತಡವಾಗಿ, ಇಳಿಯುವಾಗ ಸಲೀಸಾಗಿದ್ದರೆ ಕೇಬಲ್ ಸಡಿಲ. ಏರುವುದು ಸರಿಯಿದ್ದು ಇಳಿಯಲು ತಡವಾದರೆ ಕೇಬಲ್ ಎಲ್ಲೋ ಹಿಡಿಯುತ್ತಿದೆ. ನಮ್ಮ ಬೆರಳಿಗೆ ಬಲವಿದೆ, ಹಿಡಿಯುವ ಕೇಬಲನ್ನೂ ಎಳೆದುಬಿಡುತ್ತದೆ. ಸ್ಪ್ರಿಂಗಿಗೆ ಅಷ್ಟು ಬಲವಿಲ್ಲ. ನನ್ನ ಸೈಕಲ್ಲಿನಲ್ಲಿ ಆಗುತ್ತಿದ್ದದ್ದು ಇದೇ.

ತೊಳೆದು ನೋಡಿ

ಹಳೆಯ ಚೈನ್ ಮೇಲೆ ಕಪ್ಪು ಮೇಣದಂತೆ ಕೊಳೆ ಕಟ್ಟಿರುತ್ತದೆ. ಅದು ಇರುವಾಗ ಏನೂ ಕಾಣುವುದಿಲ್ಲ, ಏನನ್ನೂ ಅಳೆಯಲಾಗುವುದಿಲ್ಲ. ಹಳೆ ಬಟ್ಟೆ, ಹಳೆ ಹಲ್ಲುಜ್ಜುವ ಬ್ರಷ್, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್ ಸಾಕು. ಪೆಟ್ರೋಲ್ ಖಂಡಿತ ಬೇಡ, ಅದರ ಆವಿಗೆ ಒಂದು ಕಿಡಿ ಸಾಕು. ಡಿರೇಲರ್‌ನ ಎರಡು ಪುಟ್ಟ ಚಕ್ರಗಳ ಅಂಚಿನಲ್ಲಿ ಕೊಳೆ ಉಂಗುರದ ಹಾಗೆ ಕೂತಿರುತ್ತದೆ. ಅದನ್ನು ಸಣ್ಣ ಕಡ್ಡಿಯಿಂದ ಕೆರೆದು ತೆಗೆಯಿರಿ. ಹಿಂದಿನ ಹಲ್ಲುಚಕ್ರಗಳ ನಡುವೆ ಬಟ್ಟೆಯ ಅಂಚನ್ನು ತೂರಿಸಿ ಹಿಂದೆ ಮುಂದೆ ಎಳೆಯಿರಿ. ಚಕ್ರದ ರಿಮ್‌ಗೂ ಬ್ರೇಕ್ ರಬ್ಬರಿಗೂ ಎಣ್ಣೆ ತಾಗದಂತೆ ನೋಡಿಕೊಳ್ಳಿ.

ಒಣಗಿದ ಮೇಲೆ ಪೆಡಲನ್ನು ಕೈಯಲ್ಲಿ ಹಿಂದಕ್ಕೆ ನಿಧಾನ ತಿರುಗಿಸುತ್ತಾ, ಡಿರೇಲರ್‌ನ ಕೆಳಗಿನ ಪುಟ್ಟ ಚಕ್ರವನ್ನೇ ನೋಡುತ್ತಿರಿ. ಗಟ್ಟಿಯಾದ ಕೊಂಡಿ ಅಲ್ಲಿ ಬಾಗಿ ಹೋಗುವಾಗ ನೆಟ್ಟಗಾಗದೆ ಗೂನು ಬೆನ್ನಿನಂತೆ ನಿಲ್ಲುತ್ತದೆ, ಡಿರೇಲರ್ ಕೈ ಒಮ್ಮೆ ಕುಪ್ಪಳಿಸುತ್ತದೆ. ಆ ಕೊಂಡಿಗೆ ಒಂದು ಹನಿ ಎಣ್ಣೆ ಬಿಟ್ಟು, ಎರಡೂ ಕೈಗಳ ಹೆಬ್ಬೆರಳಿನಿಂದ ಅಡ್ಡಕ್ಕೆ, ಅಂದರೆ ಚೈನ್ ಸಾಮಾನ್ಯವಾಗಿ ಬಾಗದ ದಿಕ್ಕಿಗೆ, ಮೆಲ್ಲಗೆ ಆ ಕಡೆ ಈ ಕಡೆ ಬಾಗಿಸಿ. ನಾಲ್ಕೈದು ಸಲಕ್ಕೆ ಸಡಿಲವಾಗುತ್ತದೆ. ತುಕ್ಕಿನಿಂದ ಹತ್ತಾರು ಕೊಂಡಿಗಳು ಹೀಗೆ ಸಿಕ್ಕಿಕೊಂಡಿದ್ದರೆ ಆ ಚೈನ್ ಮೇಲೆ ಶ್ರಮ ಹಾಕಬೇಡಿ, ಬದಲಿಸಿ.

ಎಣ್ಣೆ ಹಾಕುವ ರೀತಿಯನ್ನೂ ಹೇಳಿಬಿಡುತ್ತೇನೆ. ಎಣ್ಣೆ ಬೇಕಿರುವುದು ಚೈನ್ ಒಳಗೆ, ಹೊರಗಲ್ಲ. ಕೆಳಗಿನ ಸಾಲಿನ ಚೈನ್‌ನ ಒಳಮುಖಕ್ಕೆ, ಪ್ರತಿ ಉರುಳೆಗೆ ಒಂದೊಂದು ಹನಿ ಬಿಡಿ. ನನ್ನದಕ್ಕೆ 112 ಹನಿ, ಹತ್ತು ನಿಮಿಷದ ಕೆಲಸ. ಪೆಡಲ್ ಒಂದಷ್ಟು ಹೊತ್ತು ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಒಣ ಬಟ್ಟೆಯಲ್ಲಿ ಚೈನನ್ನು ಹಿಡಿದು ಹೊರಗಿನದ್ದನ್ನೆಲ್ಲ ಒರೆಸಿ ತೆಗೆಯಿರಿ. ಹೊರಗೆ ಉಳಿದ ಎಣ್ಣೆ ಧೂಳನ್ನು ಕರೆದು ಅಂಟಿಸಿಕೊಳ್ಳುತ್ತದೆ, ಅಷ್ಟೇ. ಗ್ರೀಸ್ ಬಳಿಯುವುದಂತೂ ಬೇಡ.

ಒಂದು ಅಡಿಪಟ್ಟಿ ಸಾಕು

ಚೈನ್ ಹಿಗ್ಗಿದೆ ಅನ್ನುತ್ತಾರೆ. ನಿಜವಾಗಿ ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಪ್ರತಿ ಕೊಂಡಿಯ ಪಿನ್ನು ಮತ್ತು ಅದು ತಿರುಗುವ ತೂತು ಚೂರುಚೂರೇ ಸವೆಯುತ್ತವೆ. ನೂರಕ್ಕೂ ಜಾಸ್ತಿ ಕಡೆ ಕೂದಲೆಳೆಯಷ್ಟು ಸವೆದರೂ ಒಟ್ಟಿನಲ್ಲಿ ಚೈನ್ ಉದ್ದವಾಗುತ್ತದೆ.

ಸೈಕಲ್ ಚೈನ್‌ನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, 12.7 ಮಿ.ಮೀ. ಹಾಗಾಗಿ 24 ಕೊಂಡಿಗೆ ಸರಿಯಾಗಿ 12 ಇಂಚು. ಉಕ್ಕಿನ ಅಡಿಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಡಿ. ಚೈನ್ ಬಿಗಿಯಾಗಿರಲು ಪೆಡಲನ್ನು ಕಾಲಿನಲ್ಲಿ ಒತ್ತಿ ಹಿಡಿಯಿರಿ. 12 ಇಂಚಿನ ಗೆರೆಯ ಮೇಲೆ ಪಿನ್ನಿನ ನಡುಭಾಗ ಕೂತರೆ ಚೈನ್ ಚೆನ್ನಾಗಿದೆ. ಪಿನ್ನು ಗೆರೆಯಿಂದ ಒಂದು ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಒಂದೂವರೆ ಮಿ.ಮೀ.ಯಷ್ಟು ಮುಂದೆ ಹೋಗಿದ್ದರೆ ಹೊಸ ಚೈನ್ ಹಾಕಿ. 3 ಮಿ.ಮೀ. ದಾಟಿದ್ದರೆ ಹಿಂದಿನ ಹಲ್ಲುಚಕ್ರಗಳೂ ಅದರ ಜೊತೆಗೇ ಸವೆದಿರುತ್ತವೆ. ಆಗ ಬರೀ ಚೈನ್ ಬದಲಿಸಿದರೆ ಸಾಲದು.

ಇದು ಹಲವರಿಗೆ ವಿಚಿತ್ರ ಅನ್ನಿಸುತ್ತದೆ. ಹಳೆ ಚೈನ್ ಜಾರುತ್ತಿರಲಿಲ್ಲ, ಹೊಸದು ಹಾಕಿದ ದಿನವೇ ಜಾರಲು ಶುರು. ಚೈನ್ ಕೆಟ್ಟದ್ದು ಅಂದುಕೊಳ್ಳುತ್ತಾರೆ. ಹಾಗಲ್ಲ. ಸವೆದ ಚೈನ್ ಮತ್ತು ಸವೆದ ಹಲ್ಲು ಒಂದಕ್ಕೊಂದು ಹೊಂದಿಕೊಂಡಿದ್ದವು. ಹೊಸ ಚೈನ್‌ನ ಅಂತರ ಸರಿಯಾಗಿದೆ, ಹಲ್ಲಿನದು ಸರಿಯಿಲ್ಲ. ಭಾರವೆಲ್ಲ ಒಂದೆರಡು ಹಲ್ಲಿನ ಮೇಲೆ ಬಿದ್ದು ಚೈನ್ ಮೇಲೇರಿ ಜಾರುತ್ತದೆ. ಹಲ್ಲನ್ನು ಪಕ್ಕದಿಂದ ನೋಡಿ. ಎರಡೂ ಬದಿ ಒಂದೇ ಥರ ಇದ್ದರೆ ಒಳ್ಳೆಯದು. ಅಲೆಯಂತೆ ಒಂದು ಕಡೆಗೆ ವಾಲಿ ಕೊಕ್ಕೆಯಾಗಿದ್ದರೆ ಅದರ ಕಾಲ ಮುಗಿದಿದೆ. ಚಿಕ್ಕ ಚಕ್ರದಲ್ಲಿ ಹಲ್ಲು ಕಡಿಮೆ, ಒಂದೊಂದರ ಮೇಲೂ ಭಾರ ಜಾಸ್ತಿ, ಅವೇ ಬೇಗ ಸವೆಯುವುದು.

ಹೊಸ ಚೈನ್ ಕೊಳ್ಳುವಾಗ ಹಿಂದೆ ಎಷ್ಟು ಹಲ್ಲುಚಕ್ರ ಇವೆ ಅಂತ ಎಣಿಸಿ ಹೋಗಿ. 6, 7, 8 ಚಕ್ರದ ಸೈಕಲ್ಲುಗಳಿಗೆ ಒಂದೇ ಬಗೆಯ ಚೈನ್ ನಡೆಯುತ್ತದೆ. ಗೇರ್ ಇಲ್ಲದ ಸೈಕಲ್ಲಿನ ಅಗಲದ ಚೈನ್ ಇಲ್ಲಿ ಹಿಡಿಸುವುದಿಲ್ಲ. ಉದ್ದಕ್ಕೆ ಹೀಗೆ ಮಾಡಿ: ಹೊಸ ಚೈನನ್ನು ಡಿರೇಲರ್ ಒಳಗೆ ತೂರಿಸದೆ, ಮುಂದಿನ ದೊಡ್ಡ ಚಕ್ರ ಮತ್ತು ಹಿಂದಿನ ದೊಡ್ಡ ಚಕ್ರದ ಸುತ್ತ ಬಿಗಿಯಾಗಿ ಸುತ್ತಿ, ಎರಡು ತುದಿ ಸೇರುವ ಜಾಗಕ್ಕಿಂತ ಎರಡು ಕೊಂಡಿ ಜಾಸ್ತಿ ಬಿಟ್ಟು ಕತ್ತರಿಸಿ. ಕಡಿಮೆ ಬಿಟ್ಟರೆ ದೊಡ್ಡದರಿಂದ ದೊಡ್ಡದಕ್ಕೆ ಹಾಕಿದ ದಿನ ಡಿರೇಲರ್ ಮುರಿಯುತ್ತದೆ.

ಹಿಂದಿನ ಫ್ರೀವೀಲ್, ಅಂದರೆ ಆ ಹಲ್ಲುಚಕ್ರಗಳ ಇಡೀ ಗೊಂಚಲನ್ನು, ಬಿಚ್ಚುವುದನ್ನು ಮಾತ್ರ ಮೆಕ್ಯಾನಿಕ್ ಹತ್ತಿರ ಮಾಡಿಸಿ. ನಾವು ತುಳಿದಷ್ಟೂ ಅದು ತಿರುಪಿನ ಥ್ರೆಡ್ ಮೇಲೆ ಬಿಗಿಯಾಗುತ್ತಾ ಹೋಗಿರುತ್ತದೆ. ಅದರ ಕಚ್ಚುಗಳಿಗೆ ಸರಿಹೊಂದುವ ಟೂಲ್ ಮತ್ತು ಉದ್ದನೆಯ ಪಾನಾ ಇಲ್ಲದೆ ಹೋದರೆ ಕಚ್ಚುಗಳೇ ಕಿತ್ತುಬರುತ್ತವೆ.

ಕೇಬಲ್: ಹತ್ತರಲ್ಲಿ ಏಳು ಸಲ ಇಲ್ಲೇ

ನನ್ನ ಕೈಯಲ್ಲಿ ಸರಿಯಾದ ಹಳೆ ಸೈಕಲ್ಲುಗಳಲ್ಲಿ ಬಹುಪಾಲು ತೊಂದರೆ ಕೇಬಲ್‌ನದ್ದೇ. ಇದನ್ನು ಬಿಚ್ಚದೆಯೇ ಪರೀಕ್ಷಿಸುವ ಒಂದು ಒಳ್ಳೆಯ ಉಪಾಯ ಇದೆ. ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸಿ ಚೈನನ್ನು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿ. ಚಕ್ರ ನಿಲ್ಲಿಸಿ. ಈಗ ಪೆಡಲ್ ತಿರುಗಿಸದೆ, ಶಿಫ್ಟರನ್ನು ಮಾತ್ರ ಕೊನೆಯ ಗೇರಿನ ತನಕ ಬಿಟ್ಟುಬಿಡಿ. ಚೈನ್ ಅಲ್ಲೇ ಇರುತ್ತದೆ, ಕೇಬಲ್ ಪೂರ್ತಿ ಸಡಿಲವಾಗುತ್ತದೆ. ಫ್ರೇಮಿನಲ್ಲಿ ಔಟರ್ ಕೂರುವ ಜಾಗಗಳಿಗೆ ಸೀಳು ಇದ್ದರೆ ಔಟರ್ ತುಂಡುಗಳನ್ನು ಒಂದೊಂದಾಗಿ ಹೊರತೆಗೆಯಬಹುದು. ಪ್ರತಿ ತುಂಡನ್ನೂ ಒಳಗಿನ ವೈರ್ ಮೇಲೆ ಹಿಂದೆ ಮುಂದೆ ಜಾರಿಸಿ. ಬೆರಳಿಗೆ ಏನೂ ತಡೆ ತಿಳಿಯಬಾರದು. ಮರಳಿನ ಮೇಲೆ ಎಳೆದ ಹಾಗೆ ಅನ್ನಿಸಿದರೆ ಆ ತುಂಡೇ ಅಪರಾಧಿ.

ಅದರಲ್ಲೂ ಡಿರೇಲರ್‌ಗೆ ಸೇರುವ ಬಾಗಿದ ತುಂಡನ್ನು ಮೊದಲು ನೋಡಿ. ಅದು ನೆಲಕ್ಕೆ ಹತ್ತಿರ. ಚಕ್ರ ಚಿಮ್ಮಿಸಿದ ನೀರು, ಕೆಸರು ನೇರ ಅದರೊಳಗೆ ಇಳಿಯುತ್ತದೆ. ಆಮೇಲೆ ಸೈಕಲ್ ಮಲಗಿಸಿ ಪೆಡಲ್ ಅಚ್ಚಿನ ಕೆಳಭಾಗ ನೋಡಿ. ಅಲ್ಲಿ ಎರಡು ವೈರ್‌ಗಳು ಒಂದು ಪ್ಲಾಸ್ಟಿಕ್ ಕಾಲುವೆಯಲ್ಲಿ ಹಾದುಹೋಗುತ್ತವೆ. ಆ ಕಾಲುವೆ ಒಣ ಮಣ್ಣಿನಿಂದ ತುಂಬಿರುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಔಟರ್ ಬದಲಿಸುವಾಗ ಗೇರಿನ ಔಟರನ್ನೇ ಕೇಳಿ ತನ್ನಿ. ಬ್ರೇಕಿನ ಔಟರ್ ಒಳಗೆ ಸ್ಪ್ರಿಂಗಿನಂತೆ ಸುತ್ತಿದ ತಂತಿ ಇರುತ್ತದೆ, ಎಳೆದಾಗ ಅದು ಸ್ವಲ್ಪ ಕುಗ್ಗುತ್ತದೆ. ಗೇರಿನದರಲ್ಲಿ ತಂತಿಗಳು ಉದ್ದುದ್ದ ಇರುತ್ತವೆ, ಕುಗ್ಗುವುದಿಲ್ಲ. ಗೇರಿಗೆ ಬ್ರೇಕ್ ಔಟರ್ ಹಾಕಿದರೆ ಗೇರ್ ಜಾಗಕ್ಕೆ ಸರಿಯಾಗಿ ಬೀಳುವುದೇ ಇಲ್ಲ. ಬ್ರೇಕಿಗೆ ಗೇರಿನ ಔಟರ್ ಹಾಕುವುದು ಅದಕ್ಕಿಂತ ಅಪಾಯ, ಜೋರಾಗಿ ಹಿಡಿದಾಗ ಅದು ಸೀಳಿಹೋಗಬಹುದು. ಕತ್ತರಿಸಿದ ತುದಿ ಜಜ್ಜಿಹೋಗಿದ್ದರೆ ಅರದಿಂದ ಸಮ ಮಾಡಿ, ಒಳಗಿನ ತೂತನ್ನು ಸೂಜಿಯಿಂದ ಬಿಡಿಸಿ, ತುದಿಗೆ ಟೋಪಿ ಹಾಕಿ.

ಶಿಫ್ಟರ್ ಒತ್ತಿದರೆ ಸುಮ್ನೆ ಖಾಲಿ ಹೋಗುತ್ತಿದೆ, 'ಕ್ಲಿಕ್' ಅನ್ನುವುದೇ ಇಲ್ಲ ಅಂದರೆ ಎಸೆಯಬೇಡಿ. ವರ್ಷಗಟ್ಟಲೆ ನಿಂತ ಸೈಕಲ್ಲಿನಲ್ಲಿ ಅದರೊಳಗಿನ ಗ್ರೀಸ್ ಗೋಂದಿನಂತೆ ಗಟ್ಟಿಯಾಗಿ, ಒಳಗಿನ ಪುಟ್ಟ ಕೊಕ್ಕೆಗಳು ಅಂಟಿಕೊಂಡಿರುತ್ತವೆ. ಡಬ್ಲ್ಯೂಡಿ-40 ಥರದ ಸ್ಪ್ರೇಯನ್ನು ಒಳಗೆ ಚೆನ್ನಾಗಿ ಹೊಡೆದು, ಹತ್ತು ನಿಮಿಷ ಬಿಟ್ಟು, ನಲವತ್ತು ಐವತ್ತು ಸಲ ಒತ್ತಿ. ಮತ್ತೆ ಹೊಡೆಯಿರಿ, ಮತ್ತೆ ಒತ್ತಿ. ಕಂದು ನೀರು ಇಳಿದು ಕ್ಲಿಕ್ ಮರಳಿ ಬಂದಾಗ ಆಗುವ ಸಂತೋಷವೇ ಬೇರೆ. ಕೊನೆಗೆ ತೆಳು ಎಣ್ಣೆ ಎರಡು ಹನಿ ಬಿಡಿ, ಆ ಸ್ಪ್ರೇ ಒಂದೇ ಸಾಲದು.

ಕ್ಲಿಕ್ ಇಲ್ಲದ ಶಿಫ್ಟರ್‌ಗಳೂ ಇವೆ, ಅದು ದೋಷವಲ್ಲ. ಶಿಮಾನೊ ಕಂಪನಿ ಕ್ಲಿಕ್ ಇರುವ ತನ್ನ ಎಸ್‌ಐಎಸ್ ವ್ಯವಸ್ಥೆಯನ್ನು ತಂದದ್ದು 1984ರಲ್ಲಿ. ಅದಕ್ಕಿಂತ ಹಳೆಯ ಬಹುತೇಕ ಸೈಕಲ್ಲುಗಳಲ್ಲಿ ಸವಾರ ತಾನೇ ಕಿವಿಗೊಟ್ಟು ಲಿವರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಬೇಕು. ಹಿಂದಿನ ಹಲ್ಲುಗಳ ಬದಿಯಲ್ಲಿ ಚೈನ್ ಏರಲು ಸಣ್ಣ ಇಳಿಜಾರು ಕೆತ್ತಿದ ಹೈಪರ್‌ಗ್ಲೈಡ್ ಬಂದದ್ದು 1989ರಲ್ಲಿ. ಅದಿಲ್ಲದ ಚಕ್ರಗಳಲ್ಲಿ ಎಷ್ಟೇ ಸರಿಮಾಡಿದರೂ ಗೇರ್ ಒಂದು ಏಟಿನೊಂದಿಗೇ ಬೀಳುತ್ತದೆ. ಅದು ಆ ಸೈಕಲ್ಲಿನ ಸ್ವಭಾವ. ತುಳಿತದ ಭಾರ ಸ್ವಲ್ಪ ಇಳಿಸಿ ಬದಲಿಸಿ.

ಬಾಗಿದೆಯೇ?

ಸೈಕಲ್ ಬಲಗಡೆಗೆ ಬಿದ್ದ ನೆನಪಿದೆಯೇ? ಹಿಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣನ್ನು ಹಲ್ಲುಚಕ್ರಗಳ ಎತ್ತರಕ್ಕೆ ತಂದು ನೋಡಿ. ಡಿರೇಲರ್‌ನ ಎರಡು ಪುಟ್ಟ ಚಕ್ರಗಳೂ ಮೇಲಿನ ಹಲ್ಲುಚಕ್ರದ ನೇರಕ್ಕೆ ಒಂದೇ ಗೆರೆಯಲ್ಲಿ ತೂಗಬೇಕು. ಕೆಳಗಿನದು ಹಿಂದಿನ ಚಕ್ರದ ಕಡ್ಡಿಗಳ ಕಡೆಗೆ ವಾಲಿದ್ದರೆ ಡಿರೇಲರ್ ನೇತುಹಾಕುವ ಹ್ಯಾಂಗರ್ ಬಾಗಿದೆ. ಆಗ ಕೆಲವು ಗೇರ್ ಸರಿ, ಕೆಲವು ತಪ್ಪು. ಎಷ್ಟು ತಿರುಪಿದರೂ ಏಳೂ ಒಟ್ಟಿಗೆ ಸರಿಹೋಗುವುದಿಲ್ಲ. ಉಕ್ಕಿನ ಫ್ರೇಮಿನಲ್ಲಿ ಹ್ಯಾಂಗರ್ ಫ್ರೇಮಿನದೇ ಭಾಗ, ಅದನ್ನು ಬಾಗಿಸಿ ನೆಟ್ಟಗೆ ಮಾಡಬಹುದು. ಮೆಕ್ಯಾನಿಕ್ ಹತ್ತಿರ ಹ್ಯಾಂಗರ್ ತೂತಿಗೆ ತಿರುಪುವ ಉದ್ದನೆಯ ಕೈಯಿರುವ ಟೂಲ್ ಇರುತ್ತದೆ. ರಿಮ್‌ನ ನಾಲ್ಕು ಕಡೆ ಅಂತರ ನೋಡುತ್ತಾ ಸರಿಮಾಡುತ್ತಾರೆ. ಅಲ್ಯೂಮಿನಿಯಂ ಫ್ರೇಮಾದರೆ ಹ್ಯಾಂಗರ್ ಬೇರೆ ತುಂಡಾಗಿ ಬರುವುದು ಜಾಸ್ತಿ, ಹೊಸದು ಹಾಕುವುದೇ ಒಳ್ಳೆಯದು.

ಈಗ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ

ಮೇಲಿನದೆಲ್ಲ ಆದ ಮೇಲೆ ಬಹಳ ಸಲ ಸ್ಕ್ರೂ ಮುಟ್ಟುವುದೇ ಬೇಕಾಗುವುದಿಲ್ಲ. ಕೇಬಲ್ ಬಿಗಿ ಸರಿಮಾಡಿದರೆ ಸಾಕು. ಸೀಟನ್ನು ಹಗ್ಗದಿಂದ ತೂಗುಹಾಕಿ ಹಿಂದಿನ ಚಕ್ರ ನೆಲದಿಂದ ಮೇಲಿರಲಿ. ಚೈನ್ ಚಿಕ್ಕ ಚಕ್ರದಲ್ಲಿರಲಿ, ಶಿಫ್ಟರ್ ಪೂರ್ತಿ ಬಿಟ್ಟಿರಲಿ. ಕೇಬಲ್ ಡಿರೇಲರ್ ಸೇರುವಲ್ಲಿ ಒಂದು ಉರುಟು ಬಿರಡೆ ಇದೆ, ಅದನ್ನು ಪೂರ್ತಿ ಒಳಗೆ ತಿರುಗಿಸಿ ಎರಡು ಸುತ್ತು ಹೊರತನ್ನಿ. ಕೇಬಲ್ ನಟ್ ಸಡಿಲಿಸಿ, ವೈರನ್ನು ಜೋಲು ಉಳಿಯದಷ್ಟು ಮಾತ್ರ ಕೈಯಲ್ಲಿ ಎಳೆದು ನಟ್ ಬಿಗಿ ಮಾಡಿ. ಈಗ ಪೆಡಲ್ ತಿರುಗಿಸುತ್ತಾ ಒಂದು ಕ್ಲಿಕ್ ಮಾಡಿ. ಚೈನ್ ಎರಡನೇ ಚಕ್ರಕ್ಕೆ ಏರದಿದ್ದರೆ ಬಿರಡೆಯನ್ನು ಹೊರಗೆ, ಅಂದರೆ ಹಿಂದಿನಿಂದ ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ, ಕಾಲು ಸುತ್ತು ತಿರುಗಿಸಿ. ಮೂರನೆಯದಕ್ಕೆ ತಾಗಿ ಸದ್ದು ಮಾಡಿದರೆ ಕಾಲು ಸುತ್ತು ಒಳಗೆ. ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಲೆ ಬೇಡ.

ಆ ಎರಡು ಸ್ಕ್ರೂಗಳ ಕೆಲಸ ಗೇರ್ ಬೀಳಿಸುವುದಲ್ಲ, ಡಿರೇಲರ್ ಎರಡೂ ಕೊನೆಯಲ್ಲಿ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಬೇಲಿ ಹಾಕುವುದು. ಎಚ್ ಅಕ್ಷರದ್ದು ಚಿಕ್ಕ ಚಕ್ರದ ಕಡೆಗೆ, ಎಲ್ ಅಕ್ಷರದ್ದು ದೊಡ್ಡ ಚಕ್ರದ ಕಡೆಗೆ. ಚೈನ್ ಚಿಕ್ಕ ಚಕ್ರ ದಾಟಿ ಫ್ರೇಮಿಗೆ ಸಿಕ್ಕಿಕೊಂಡರೆ ಎಚ್ ಸ್ವಲ್ಪ ಬಿಗಿ ಮಾಡಿ. ಎಲ್ ವಿಷಯದಲ್ಲಿ ದಯವಿಟ್ಟು ಎಚ್ಚರ. ಅದು ಸಡಿಲವಾಗಿದ್ದರೆ ಡಿರೇಲರ್ ಕಡ್ಡಿಗಳೊಳಗೆ ಹೋಗಿ, ಓಡುತ್ತಿರುವಾಗಲೇ ಹಿಂದಿನ ಚಕ್ರ ನಿಂತುಬಿಡುತ್ತದೆ. ಚೈನ್ ದೊಡ್ಡ ಚಕ್ರದಲ್ಲಿರುವಾಗ ಡಿರೇಲರನ್ನು ಕೈಯಿಂದ ಒಳಕ್ಕೆ ತಳ್ಳಿ ನೋಡಿ. ಅದು ಅಲ್ಲಿಂದ ಮುಂದೆ ಹೋಗಬಾರದು.

ಮುಂದಿನ ಡಿರೇಲರ್‌ಗೆ ಜಾಸ್ತಿ ಹೇಳುವುದಿಲ್ಲ. ಅದರ ಹೊರತಗಡು ದೊಡ್ಡ ಚಕ್ರದ ಹಲ್ಲಿನಿಂದ 2 ಮಿ.ಮೀ. ಮೇಲಿರಬೇಕು, ಮೇಲಿನಿಂದ ನೋಡಿದರೆ ಹಲ್ಲುಚಕ್ರಕ್ಕೆ ಸಮಾಂತರವಾಗಿರಬೇಕು. ಈ ಎರಡು ಸರಿಯಿದ್ದರೆ ಮುಕ್ಕಾಲು ತೊಂದರೆ ಹೋಗುತ್ತದೆ. ಮುಂದೆ ದೊಡ್ಡದು ಹಿಂದೆ ದೊಡ್ಡದು, ಮುಂದೆ ಚಿಕ್ಕದು ಹಿಂದೆ ಚಿಕ್ಕದು ಹಾಕಿದಾಗ ಚೈನ್ ಓರೆಯಾಗಿ ತಗಡಿಗೆ ಉಜ್ಜುವುದು ಸಹಜ. ಅದನ್ನು ಸರಿಮಾಡಲು ಹೋಗಬೇಡಿ, ಆ ಜೋಡಿಗಳನ್ನು ಬಳಸಬೇಡಿ.

ತೂಗುಹಾಕಿದಾಗ ಎಲ್ಲ ಸರಿ ಬೀಳುತ್ತದೆ, ಭಾರ ಬಿದ್ದಾಗ ಕಥೆ ಬೇರೆ. ಹಾಗಾಗಿ ಮೊದಲು ಸಮತಟ್ಟಿನಲ್ಲಿ ಕೂತು ಏಳೂ ಗೇರ್ ಒಂದೊಂದಾಗಿ ಹಾಕಿ ನೋಡಿ. ಆಮೇಲೆ ಒಂದು ಸಣ್ಣ ಏರು ಹತ್ತಿ. ಮೊದಮೊದಲು ಕೂತೇ ತುಳಿಯಿರಿ, ನಿಂತು ತುಳಿಯಬೇಡಿ. ಆಗ ಚೈನ್ ಜಾರಿದರೂ ಮುಂದಕ್ಕೆ ಬೀಳುವುದಿಲ್ಲ. ಹೊಸ ಕೇಬಲ್ ಹಾಕಿದ್ದರೆ ಔಟರ್ ತುದಿಗಳು ಜಾಗಕ್ಕೆ ಕೂತು ಕೆಲವೇ ದಿನಗಳಲ್ಲಿ ಬಿಗಿ ಸ್ವಲ್ಪ ಇಳಿಯುತ್ತದೆ, ಗೇರ್ ಏರಲು ಮತ್ತೆ ತಡಮಾಡುತ್ತದೆ. ಆಗ ಬಿರಡೆಯನ್ನು ಕಾಲು ಸುತ್ತು ಹೊರಗೆ ತಿರುಗಿಸಿ.